ತಕರಾರು ಇಲ್ಲ

ನಾಲಗೆ ಚಾಚಿ ಕೂತಿದ್ದ ಯಂಕಪ್ಪನಿಗೆ ಅದನ್ನು ಒಳಗೆ ಎಳೆದುಕೋ ಎಂದು ಯಾರೂ ಹೇಳಲಿಲ್ಲ. ಡಾಕ್ಟರ್ ಪ್ರಹ್ಲಾದ ಕೊರ್ಲಹಳ್ಳಿಯವರು ಟಾರ್ಚು ಹಿಡಿದು ಅವನ ಗಂಟಲೊಳಗೆ ಇಣುಕುವ ಹೊತ್ತಿಗೆ ಸರಿಯಾಗಿ ಪೋಸ್ಟಮನ್ ಬಂದು, ರಿಜಿಸ್ಟರ್ ಲಕೋಟೆ ಕೊಟ್ಟು, ಸಹಿ ಹಾಕಿಸಿಕೊಂಡು ಹೋಗಿದ್ದ. ಡಾಕ್ಟರು ನಿಂತಲ್ಲೇ ಒಡೆದು ಓದಿದರು. ಮೊದಲನೆಯ ಪುಟ ಮುಗಿಸಿ ಎರಡನೆಯದಕ್ಕೆ ಹೋದರು, ಎರಡನೆಯದನ್ನು ಅರ್ಧಕ್ಕೆ ಬಿಟ್ಟು ಮತ್ತೆ ಮೊದಲನೆಯದಕ್ಕೆ ಬಂದರು. ಅಷ್ಟರಲ್ಲಿ ಯಂಕಪ್ಪನ ನಾಲಗೆ ಒಣಗಿತ್ತು.

"ಆಂ," ಎಂದ ಅವನು, ನೆನಪು ಮಾಡಿಕೊಡುವವನಂತೆ.

ಡಾಕ್ಟರು ತಲೆಯೆತ್ತದೆ ಎಡಗೈ ಎತ್ತಿ ಅಂಗೈ ತೋರಿಸಿದರು. ತಡಿ ಎಂದು ಅದರ ಅರ್ಥ. ಮುಂಡರಗಿಯಲ್ಲಿ ಆ ಅಂಗೈಯನ್ನು ಕಾಣದ ರೋಗಿ ಇರಲಿಲ್ಲ. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಹನ್ನೊಂದು ವರ್ಷದಿಂದ ಅವರ ದವಾಖಾನೆ ನಡೆದಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಕುರ್ಚಿಗೆ ಕೂತರೆ ಮಧ್ಯಾಹ್ನ ಒಂದರೊಳಗೆ ಎಪ್ಪತ್ತು ಜನರನ್ನು ನೋಡಿ ಕಳಿಸುತ್ತಿದ್ದರು. ಮಾತು ಕಡಿಮೆ, ಗುಣ ಬೇಗ. ಹೆಚ್ಚು ಮಾತಾಡುವ ಡಾಕ್ಟರಿಗೆ ವಿದ್ಯೆ ಸಾಲದು ಎಂದು ನಂಬಿದ್ದ ಊರು ಅದು. ಡಾಕ್ಟರೂ ಅದನ್ನೇ ನಂಬಿದ್ದರು. ಅವರ ಹೆಮ್ಮೆಯೆಲ್ಲ ಇದ್ದದ್ದು ರೋಗಿಗಳ ಕಾರ್ಡಿನಲ್ಲಿ. ಸಾಲಿ ಮಾಸ್ತರರ ಮಗ ಆದದ್ದರಿಂದ ಅಕ್ಷರ ಮುತ್ತಿನಂತಿತ್ತು. ಡಾಕ್ಟರು ಬರೆದದ್ದನ್ನು ಓದಲು ಬರುವ ತಾಲೂಕು ಇಡೀ ಜಿಲ್ಲೆಯಲ್ಲಿ ನಮ್ಮದೊಂದೇ ಎಂದು ಊರಿನವರು ಚೇಷ್ಟೆ ಮಾಡುತ್ತಿದ್ದರು.

ಲಕೋಟೆ ಗದಗಿನ ಒಬ್ಬ ವಕೀಲರದು. ಹಿರೇವಡ್ಡಟ್ಟಿಯ ಈಶಪ್ಪ ಎಂಬ ನಮ್ಮ ಕಕ್ಷಿದಾರನ ಹೆಂಡತಿ ಅಮೃತವ್ವ, ವಯಸ್ಸು ಇಪ್ಪತ್ತಾರು, ಇವಳಿಗೆ ತಾವು ಕ್ಷಯವೆಂದು ಹೇಳಿ ಐವತ್ತೆಂಟು ಸೂಜಿ ಮಾಡಿ, ಮುಂಚೆ ಏನೊಂದೂ ತಿಳಿಸದೆ, ಎರಡೂ ಕಿವಿ ಕೆಡಿಸಿದ್ದೀರಿ. ಹದಿನೈದು ದಿನದೊಳಗೆ ಉತ್ತರ ಕೊಡದಿದ್ದರೆ ಕೋರ್ಟಿನಲ್ಲಿ ನೋಡಿಕೊಳ್ಳುತ್ತೇವೆ.

ಡಾಕ್ಟರು ಕಪಾಟು ತೆರೆದು ಅಮೃತವ್ವನ ಕಾರ್ಡು ತೆಗೆದರು. ಎಲ್ಲ ಇತ್ತು. ಬಂದ ದಿನದ ತೂಕ, ಕೆಮ್ಮು, ಕಫದಲ್ಲಿ ರಕ್ತ. ದಿನಕ್ಕೊಂದು ಸ್ಟ್ರೆಪ್ಟೋಮೈಸಿನ್ ಸೂಜಿ, ಜೊತೆಗೆ ಗುಳಿಗೆ. ವಾರಕ್ಕೊಮ್ಮೆ ತಪಾಸಣೆ. ತೂಕ ಐದು ಕಿಲೋ ಏರಿತ್ತು, ಜ್ವರ ಬಿಟ್ಟಿತ್ತು. ಪ್ರತಿ ವಾರದ ಸಾಲಿನ ಕೊನೆಯಲ್ಲಿ ಅವರದೇ ಚೆಂದದ ಅಕ್ಷರದಲ್ಲಿ, ತಕರಾರು ಇಲ್ಲ. ಎಂಟು ವಾರ, ಎಂಟು ಸಲ. ಓದುತ್ತಾ ಓದುತ್ತಾ ಅವರ ಉಸಿರು ಹದಕ್ಕೆ ಬಂತು.

"ಆಂ," ಎಂದ ಯಂಕಪ್ಪ.

"ಬಾಯಿ ಮುಚ್ಚು. ಉಪ್ಪುನೀರಿಲೆ ಮುಕ್ಕಳಸು. ಕಂಪೌಂಡರ್ ಸಾಬ್ರು ಗುಳಿಗಿ ಕೊಡ್ತಾರ, ಹೋಗು."

ಮರುದಿನವೇ ಡಾಕ್ಟರು ಗದಗಿಗೆ ಹೋದರು. ಅವರ ಸೋದರತ್ತೆಯ ಮಗ ಮಾರ್ತಾಂಡ ಅಲ್ಲಿ ಇಪ್ಪತ್ತು ವರ್ಷದ ಹಳೆಯ ವಕೀಲ. ಅವನು ನೋಟೀಸನ್ನು ಬದಿಗಿಟ್ಟು ಕಾರ್ಡನ್ನೇ ಹಿಂದೆ ಮುಂದೆ ತಿರುಗಿಸಿ ನೋಡಿದ. ಅವನ ಮುಖದಲ್ಲಿ ಹಬ್ಬದ ಕಳೆ ಬಂತು.

"ಇಷ್ಟು ಚೊಕ್ಕ ಕಾರ್ಡ್ ಇಟ್ಟ ಡಾಕ್ಟರನ್ನ ನಾ ನೋಡೇ ಇಲ್ಲಪಾ. ಎಂಟು ಸಲ ತಕರಾರು ಇಲ್ಲ ಅಂತ ಅದ. ಯಾವ ಜಡ್ಜ್ ಬಂದ್ರೂ ಇದನ್ನ ದಾಟಿ ಹೋಗ್ಲಿಕ್ಕೆ ಆಗೂದಿಲ್ಲ. ಆದ್ರ ಒಂದು ಮಾತು, ಪ್ರಹ್ಲಾದ. ಆ ಊರಿಗೆ ಕಾಲಿಡಬ್ಯಾಡ. ಅವರ ಜೋಡಿ ಮಾತಾಡಬ್ಯಾಡ. ಅಯ್ಯೋ ಪಾಪ ಅಂತ ಸುದ್ಧಾ ಅನಬ್ಯಾಡ. ನೀ ಇವತ್ತ ಕನಿಕರಕ್ಕ ಅಂದದ್ದು ನಾಳೆ ಕೋರ್ಟಿನಾಗ ಕಬೂಲಿ ಆಗ್ತದ."

"ನಾ ಮೊದಲಿಂದನೂ ಮಾತು ಕಡಿಮಿ, ಅಣ್ಣಾ."

"ಅದ ನಿನ್ನ ಪುಣ್ಯ," ಎಂದ ಮಾರ್ತಾಂಡ. ಚಹಾ ತರಿಸಿದ.

ಬಸ್ಸಿನಲ್ಲಿ ಮರಳುವಾಗ ಡಾಕ್ಟರಿಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಗೆದ್ದವರ ಹಾಗೆ ಕೂತರು. ಆ ಕಿವಿಯ ವಿಚಾರ ಅವರಿಗೆ ಗೊತ್ತಿಲ್ಲದ್ದಲ್ಲ. ಸ್ಟ್ರೆಪ್ಟೋಮೈಸಿನ್ ಕೆಲವರ ಕಿವಿಯ ನರಕ್ಕೆ ತಾಗುತ್ತದೆ. ಮೊದಲು ಕಿವಿಯಲ್ಲಿ ಸದ್ದು ಬರುತ್ತದೆ, ಆಗಲೇ ಸೂಜಿ ನಿಲ್ಲಿಸಬೇಕು. ಅಂಥದ್ದೇನಾದರೂ ಇದ್ದರೆ ಅವಳು ಹೇಳಬೇಕಿತ್ತಲ್ಲ. ಹೇಳಲಿಲ್ಲ. ಹೇಳದ್ದನ್ನು ಬ್ರಹ್ಮನಿಗೂ ಬರೆಯಲು ಬರುವುದಿಲ್ಲ.

ದವಾಖಾನೆಯಲ್ಲಿ ಕಂಪೌಂಡರ್ ಯಮನೂರಸಾಬ ಸಂಜೆಯ ರೋಗಿಗಳು ಬರುವ ಮೊದಲು ಗಾಜಿನ ಸಿರಿಂಜುಗಳನ್ನು ಕುದಿಯುವ ನೀರಿನಿಂದ ಇಕ್ಕಳದಲ್ಲಿ ಒಂದೊಂದಾಗಿ ತೆಗೆಯುತ್ತಿದ್ದ. ಡಾಕ್ಟರಿಗಿಂತ ಹತ್ತು ವರ್ಷ ದೊಡ್ಡವನು. ಒಳಗಿನ ಪರದೆಯ ಹಿಂದೆ ಸೂಜಿ ಮಾಡುವ ಕೆಲಸ ಅವನದೇ.

"ಸಾಬ್ರ, ಬೇಕಾದ್ರ ನೀವೂ ಸಾಕ್ಷಿಗೆ ಬರಬೇಕಾಗ್ತದ. ಆ ಅಮೃತವ್ವ ಒಂದು ದಿನನೂ ತಕರಾರು ಹೇಳಿಲ್ಲ ಅಂತ ಅಂದ್ರ ಸಾಕು."

ಇಕ್ಕಳ ನಿಂತಿತು. "ಹಂಗ ಹೇಳಾಕ ಆಗಂಗಿಲ್ರಿ."

"ಯಾಕ?"

"ಆಕಿ ಹೇಳಿದ್ಲಲ್ರಿ." ಯಮನೂರಸಾಬ ಸಿರಿಂಜನ್ನು ಬಟ್ಟೆಯ ಮೇಲೆ ಮಲಗಿಸಿದ. "ನಲವತ್ತನೇ ಸೂಜಿಯೋ ಏನೋ. ಪರದೆ ಹಿಂದ ನನಗ ಸಣ್ಣಗ ಹೇಳಿದ್ಲು, ಅಣ್ಣಾ, ಕಿವ್ಯಾಗ ಹಗಲೆಲ್ಲ ಗುಂಯ್ ಅನ್ನಾಕತ್ತೈತಿ, ಡಾಕ್ಟರಿಗೆ ಹೇಳಪಾ ಅಂತ. ನಾ ಬಂದು ನಿಮ್ಮ ಕುರ್ಚಿ ಹಂತ್ಯಾಕ ನಿಂತೆ. ಆ ಹುಡುಗಿ ಕಿವಿ, ಅಂದೆ. ನೀವು ಹಿಂಗ ಕೈ ಎತ್ತಿದ್ರಿ."

ಅವನು ಎಡಗೈ ಎತ್ತಿ ಅಂಗೈ ತೋರಿಸಿದ. ಅಣಕವಿರಲಿಲ್ಲ ಅದರಲ್ಲಿ. ಆದರೂ ಡಾಕ್ಟರಿಗೆ ಕಪಾಳಕ್ಕೆ ಹೊಡೆದಂತಾಯಿತು.

"ಮತ್ತೊಮ್ಮೆ ಹೇಳಬೇಕಿತ್ತು ನೀವು."

"ಹೌದ್ರಿ. ಹೇಳಬೇಕಿತ್ತು. ನನ್ನ ತಪ್ಪೂ ಐತಿ."

"ಆಕಿ ನನಗ ಯಾಕ ಹೇಳ್ಲಿಲ್ಲ? ವಾರಕ್ಕೊಮ್ಮೆ ನಾ ಕೇಳ್ತಿದ್ನಲ್ಲ, ಹ್ಯಾಂಗದ ಅಂತ?"

ಯಮನೂರಸಾಬ ಇಕ್ಕಳವನ್ನು ಬದಿಗಿಟ್ಟ. "ಕೇಳ್ತಿದ್ರಿ ಖರೆ. ಯಾರಿಗೆ ಕೇಳ್ತಿದ್ರಿ? ಆಕಿ ಅತ್ತಿ ನೀಲಗಂಗವ್ವಗ ಕೇಳ್ತಿದ್ರಿ. ಆಕಿ, ಆರಾಮ ಅದಾಳ್ರಿ ಅಂತಿದ್ಲು. ನೀವು ಬರಕೊಂತಿದ್ರಿ. ಹಂಗ ನೋಡಿದ್ರ ಈ ಕಾರ್ಡು ನೀಲಗಂಗವ್ವಂದ ಆತಲ್ರಿ."

ಡಾಕ್ಟರು ಕುರ್ಚಿಗೆ ಕೂತರು. ನೆನಪಾಯಿತು. ಮುಂದೆ ದಪ್ಪ ದನಿಯ ಅತ್ತೆ, ಅವಳ ಹೆಗಲಿನ ಹಿಂದೆ ತಲೆಯ ಮೇಲೆ ಸೆರಗು ಹೊದ್ದು ನಿಂತ ಸೊಸೆ. ಅದು ಇಲ್ಲಿಯ ರೂಢಿ. ಸೊಸೆಯ ಹೊಟ್ಟೆನೋವನ್ನು ಅತ್ತೆ ಹೇಳುತ್ತಾಳೆ, ಹೆಂಡತಿಯ ಜ್ವರವನ್ನು ಗಂಡ ಹೇಳುತ್ತಾನೆ. ಹೀಗೆ ಕೇಳಿದರೆ ಕೆಲಸವೂ ಬೇಗ ಆಗುತ್ತದೆ, ಯಾಕೆಂದರೆ ನೋವಿಲ್ಲದವರು ಚುಟುಕಾಗಿ ಉತ್ತರಿಸುತ್ತಾರೆ. ಅಮೃತವ್ವನ ಮುಖ ಹೇಗಿತ್ತೆಂದು ಡಾಕ್ಟರು ಎಷ್ಟು ತಿಣುಕಿದರೂ ಕಣ್ಣಿಗೆ ಕಟ್ಟಲಿಲ್ಲ. ಎದೆಗೂಡಿನ ಸದ್ದು ಮಾತ್ರ ನೆನಪಿತ್ತು. ಅವರಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು, ಆ ಸಿಟ್ಟನ್ನು ಯಾರ ಮೇಲೆ ಹಾಕಬೇಕೋ ತಿಳಿಯಲಿಲ್ಲ.

"ಗುಳಿಗಿ ತಗೊಳ್ಳಾಕತ್ತಾಳೋ ಇಲ್ಲೋ?" ಎಂದು ಕೇಳಿದರು, ಥಟ್ಟನೆ.

"ಎಲ್ಲೀದ್ರಿ. ಕಿವಿ ಹೋದ ಮ್ಯಾಲ ನಿಮ್ಮ ಔಷಧ ಅಂದ್ರ ವಿಷ ಅಂತ ಅಷ್ಟೂ ತಿಪ್ಪಿಗೆ ಚೆಲ್ಲ್ಯಾರಂತ. ಮೂರು ವಾರ ಆತು."

ಮೂರು ವಾರ. ಕೋರ್ಟು, ಜಡ್ಜ್, ಕಾರ್ಡು ಎಲ್ಲ ಒಮ್ಮೆಲೇ ದೂರ ಸರಿದವು. ಎರಡು ತಿಂಗಳ ಔಷಧಕ್ಕೆ ಹೆದರಿ ಅಡಗಿದ ಜಡ್ಡು ಅದು, ಸತ್ತಿಲ್ಲ. ಇನ್ನೂ ವರ್ಷದ ಮೇಲೆ ಗುಳಿಗೆ ನುಂಗಬೇಕಾದ ಹುಡುಗಿ. ಹೀಗೇ ಬಿಟ್ಟರೆ ಯುಗಾದಿಯ ಹೊತ್ತಿಗೆ ಮತ್ತೆ ರಕ್ತ ಕಾರುತ್ತಾಳೆ, ಆಗ ಇದೇ ಗುಳಿಗೆ ನಾಟುತ್ತದೆಂಬ ಭರವಸೆ ಇಲ್ಲ. ಮನೆಯಲ್ಲಿ ಮೂರು ವರ್ಷದ ಕೂಸು ಬೇರೆ. ಹದಿನೈದು ದಿನದೊಳಗೆ ಉತ್ತರ ಎಂದು ವಕೀಲ ಬರೆದಿದ್ದ. ಹದಿನೈದು ದಿನ ಕಾಯಲು ಆ ಎದೆಗೂಡಿಗೆ ಪುರಸೊತ್ತಿರಲಿಲ್ಲ.

ರವಿವಾರ ಬೆಳಿಗ್ಗೆ ಹತ್ತಕ್ಕೆ ಸ್ಕೂಟರು ಹಿರೇವಡ್ಡಟ್ಟಿಯ ದಾರಿ ಹಿಡಿಯಿತು. ಹಿಂದೆ ಯಮನೂರಸಾಬ, ಅವನ ತೊಡೆಯ ಮೇಲೆ ಒಂದು ತಿಂಗಳ ಗುಳಿಗೆಯ ಡಬ್ಬಿ. ಜನವರಿಯ ಬಿಸಿಲು ಹಿತವಾಗಿತ್ತು. ಎರಿಮಣ್ಣಿನ ಕಪ್ಪು ಹೊಲಗಳಲ್ಲಿ ಬಿಳಿಜೋಳ ತೆನೆ ಹಿಡಿದಿತ್ತು. ಮಾರ್ತಾಂಡನ ಮಾತು ದಾರಿಯುದ್ದಕ್ಕೂ ಡಾಕ್ಟರ ತಲೆಯೊಳಗೆ ಕೂತೇ ಬಂತು. ಅದಕ್ಕೂ ಒಂದು ಉಪಾಯ ಹುಡುಕಿದರು. ತಪ್ಪು ಎಂಬ ಶಬ್ದ ಬಾರದ ಹಾಗೆ, ಆದರೆ ಕೇಳಿದವರ ಮನಸ್ಸು ತಣ್ಣಗಾಗುವ ಹಾಗೆ ಒಂದು ವಾಕ್ಯ ಕಟ್ಟಿದರು. ಊರ ಬಾವಿ ಕಾಣುವಷ್ಟರಲ್ಲಿ ಅದು ಬಾಯಿಪಾಠ ಆಗಿತ್ತು.

ಈಶಪ್ಪ ಅಂಗಳದಲ್ಲಿ ಕುಂಟೆಯ ಕಬ್ಬಿಣದ ಕುಡ ಬಿಗಿಯುತ್ತಿದ್ದ. ಡಾಕ್ಟರನ್ನು ನೋಡಿ ಎದ್ದು ನಿಂತ. ಏಳಬಾರದಿತ್ತೇನೋ ಎಂಬಂತೆ ಮತ್ತೆ ಕೂತ.

"ನಿಮ್ಮ ಜೋಡಿ ಮಾತಾಡಬ್ಯಾಡ ಅಂದಾರ್ರಿ ನಮ್ಮ ವಕೀಲ್ರು."

"ನನಗೂ ನಮ್ಮ ವಕೀಲ್ರು ಅದ ಅಂದಾರ."

ಈಶಪ್ಪನಿಗೆ ನಗು ಬಂತು, ತಡೆದುಕೊಂಡ. ಕುಡದ ಮೇಲೆ ಸುತ್ತಿಗೆಯಿಂದ ಎರಡೇಟು ಹಾಕಿದ. "ಮತ್ತ ಯಾಕ ಬಂದ್ರಿ?"

"ಅಮೃತವ್ವನ ನೋಡ್ಲಿಕ್ಕೆ."

ಬಾಗಿಲಲ್ಲಿ ನೀಲಗಂಗವ್ವ ಬಂದು ನಿಂತಿದ್ದಳು. ಬಾಗಿಲು ತುಂಬುವ ಹೆಂಗಸು. "ಏನ್ ನೋಡತೀರಿ? ಮಾಡೂದು ಮಾಡಿ ಬಿಟ್ಟೀರಿ. ಏನ್ ಕೇಳಬೇಕು ನನಗ ಕೇಳ್ರಿ, ನಾ ಹೇಳ್ತೀನಿ."

"ಇಲ್ಲವ್ವಾ," ಎಂದರು ಡಾಕ್ಟರು. "ಎರಡು ತಿಂಗಳು ನಿನಗ ಕೇಳಿ ಕೆಟ್ಟೆ. ಇವತ್ತ ಆಕಿಗೆ ಕೇಳ್ತೀನಿ."

ನೀಲಗಂಗವ್ವನ ದನಿ ಸಣ್ಣಗಾಯಿತು. "ನಾ ಸುಳ್ಳ ಹೇಳಬೇಕಂತ ಹೇಳಿಲ್ರಿ. ನಿಮ್ಮ ದವಾಖಾನಿ ಬೆಂಚಿನ ಮ್ಯಾಲ ಅರ್ಧ ಊರ ಕುಂತಿರತೈತಿ. ಸೊಸಿಗೆ ಇಂಥಾ ಜಡ್ಡು, ಅದರಾಗ ಕಿವೀನೂ ಅಂತ ಎಲ್ಲಾರ ಮುಂದ ಹ್ಯಾಂಗ ಹೇಳ್ಲಿ? ಆರಾಮ ಅಂದೆ." ಬಾಗಿಲು ಬಿಟ್ಟು ಸರಿದಳು.

ಅಮೃತವ್ವ ಮನೆಯ ಬಲಗಡೆಗೆ, ಬಿಸಿಲಿಗೆ ಹರವಿದ ಕೆಂಪು ಮೆಣಸಿನಕಾಯಿಯ ಪಕ್ಕ ಕೂತು ತೊಟ್ಟು ಮುರಿಯುತ್ತಿದ್ದಳು. ಸ್ಕೂಟರಿನ ಸದ್ದು ಅವಳಿಗೆ ತಲುಪಿರಲಿಲ್ಲ. ನೆರಳು ಬಿದ್ದಾಗ ತಲೆಯೆತ್ತಿದಳು. ದುಂಡು ಮುಖ, ಗದ್ದದ ಮೇಲೆ ಮೂರು ಚುಕ್ಕೆ ಹಚ್ಚೆ, ನೇರ ಕಣ್ಣು. ಡಾಕ್ಟರು ಅವಳನ್ನು ನೋಡಿದ್ದು ಅದೇ ಮೊದಲು ಎನ್ನಬೇಕು. ಅವಳು ಸೆರಗು ಎಳೆದುಕೊಂಡು ಏಳಹೋದಳು. ಕೂತಿರು ಎಂದು ಕೈಸನ್ನೆ ಮಾಡಿ, ಅವರೂ ಅವಳ ಎದುರಿಗೆ ಕುಕ್ಕುರುಗಾಲಲ್ಲಿ ಕೂತರು. ಮೆಣಸಿನ ಘಾಟಿಗೆ ಕಣ್ಣಲ್ಲಿ ನೀರು ಬಂತು. ಕಟ್ಟಿಕೊಂಡು ಬಂದ ವಾಕ್ಯವನ್ನು ಮೆಲ್ಲಗೆ, ಪಕ್ಕದ ಮನೆಗೆ ಕೇಳದ ಹಾಗೆ ಹೇಳಿದರು.

"ಅಮೃತವ್ವ, ಔಷಧದ ಗುಣಾನ ಹಂಗ ಇರೂದರಿಂದ ಒಮ್ಮೊಮ್ಮೆ ಹಿಂಗ ಆಗ್ತದ, ಆದದ್ದಕ್ಕ ನನಗೂ ಭಾಳ ಸಂಕಟ ಆಗೇದ."

ಅವಳು ಅವರ ತುಟಿ ನೋಡಿದಳು. "ಕೇಳವಲ್ದ್ರಿ," ಎಂದಳು. "ಜೋರಾಗಿ ಅನ್ರಿ."

ಡಾಕ್ಟರು ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಹೇಳಿದರು. ಔಷಧದ ಗುಣ ಎನ್ನುವಷ್ಟರಲ್ಲೇ ಅವಳು ತಲೆ ಅಲ್ಲಾಡಿಸಿದಳು. "ಇನ್ನೂ ಜೋರ್ ಅನ್ರಿ. ಗಾಡಿ ಹೋದಂಗ ಕೇಳತೈತಿ, ಮಾತು ತಿಳಿಯಂಗಿಲ್ಲ."

ಬೇಲಿಯಾಚೆ ಇಬ್ಬರು ಹೆಂಗಸರು ಬಂದು ನಿಂತರು. ಡಾಕ್ಟರು ಎದ್ದರು. ಅಷ್ಟು ಉದ್ದದ, ಅಷ್ಟು ನಾಜೂಕಿನ ವಾಕ್ಯವನ್ನು ಕೂಗಿ ಹೇಳಲು ಬರುವುದಿಲ್ಲ ಎಂದು ಅವರಿಗೆ ಆಗ ತಿಳಿಯಿತು. ಕೂಗಲು ಹೋದರೆ ಒಂದೊಂದೇ ಶಬ್ದ ಕಳಚಿ ಬೀಳುತ್ತಿತ್ತು. ಔಷಧದ ಗುಣ ಬಿತ್ತು. ಒಮ್ಮೊಮ್ಮೆ ಹಿಂಗ ಆಗ್ತದ ಎಂಬುದೂ ಬಿತ್ತು. ಸಂಕಟ ಎಂಬ ಮಾತನ್ನು ಊರಿನ ನಡುವೆ ನಿಂತು ಒದರಲು ಅವರಿಗೇ ನಾಚಿಕೆಯಾಯಿತು. ಉಳಿದದ್ದು ಮೂರೇ ಶಬ್ದ.

"ತಪ್ಪು ನಂದು, ತಂಗಿ!"

ಓಣಿಗೆ ಓಣಿಯೇ ಕೇಳಿಸಿಕೊಂಡಿತು. ಯಮನೂರಸಾಬ ಕಣ್ಣು ಮುಚ್ಚಿದ. ಈಶಪ್ಪ ಸುತ್ತಿಗೆ ಹಿಡಿದುಕೊಂಡೇ ಬಂದು ಮೂಲೆಯಲ್ಲಿ ನಿಂತ. ಅಮೃತವ್ವನ ಕೈಯಲ್ಲಿದ್ದ ಮೆಣಸಿನಕಾಯಿ ಹಾಗೆಯೇ ಇತ್ತು.

"ಈಗ ಕೇಳಿಸ್ತು," ಎಂದಳು. "ಏನ್ ತಪ್ಪು?"

"ನೀ ಕಿವಿ ಗುಂಯ್ ಅಂತದ ಅಂದಿದ್ದಿ! ನಾ ಲಕ್ಷ್ಯ ಕೊಡಲಿಲ್ಲ! ಅವತ್ತ ಸೂಜಿ ನಿಲ್ಲಿಸಬೇಕಾಗಿತ್ತು!"

ಅವಳು ಮಾತಾಡತೊಡಗಿದಳು. ತನ್ನ ದನಿ ತನಗೆ ಕೇಳದ್ದರಿಂದ ಅವಳದೂ ಕೂಗೇ. ಗುಂಯ್ ಸುರುವಾದದ್ದು ಯಾವ ದಿನ, ನೀರು ತರುವಾಗ ತಲೆ ತಿರುಗಿ ಬಿದ್ದದ್ದು, ಎರಡು ತಿಂಗಳು ಮುಂಡರಗಿಯಲ್ಲಿ ಅತ್ತೆಯ ತವರುಮನೆಯಲ್ಲಿ ಇದ್ದಾಗ ರಾತ್ರಿಯೆಲ್ಲ ದಿಂಬಿನೊಳಗೆ ಕಿವಿ ಒತ್ತಿ ಮಲಗಿದ್ದು. "ಹತ್ತು ಸಲ ಹೇಳಬೇಕಂತ ಬಂದೀನ್ರಿ. ನೀವು ಬರಕೊಂತ ಇರ್ತಿದ್ರಿ. ಗುಡುಗು ಕೇಳತೈತಿ. ಕೂಸು ಅತ್ತಿದ್ದು ಕೇಳಂಗಿಲ್ಲ. ಅದು ಬಂದು ಸೀರಿ ಎಳದ ಮ್ಯಾಲ ಗೊತ್ತಾಗತೈತಿ." ಹನ್ನೊಂದು ವರ್ಷದಲ್ಲಿ ಒಬ್ಬ ರೋಗಿ ಇಷ್ಟು ಹೊತ್ತು ಮಾತಾಡಿದ್ದನ್ನು ಡಾಕ್ಟರು ಕೇಳಿರಲಿಲ್ಲ. ನಡುವೆ ಎರಡು ಸಲ ಅವರ ಎಡಗೈ ತಾನಾಗಿಯೇ ಮೇಲಕ್ಕೆ ಹೊರಟಿತು, ಬಲಗೈಯಿಂದ ಹಿಡಿದುಕೊಂಡು ನಿಂತರು.

"ಹೋದ ಕಿವಿ ಮತ್ತ ಬರತೈತೇನ್ರಿ?" ಎಂದಳು ಕೊನೆಗೆ.

ನೋಡೋಣ ಎನ್ನಬಹುದಿತ್ತು. ಹುಬ್ಬಳ್ಳಿಗೆ ಹೋಗಿ ತೋರಿಸು ಎನ್ನಬಹುದಿತ್ತು. ಬೇಲಿಯಾಚೆ ಈಗ ಹತ್ತು ಜನ ಇದ್ದರು.

"ಇಲ್ಲ!" ಎಂದು ಕೂಗಿದರು ಡಾಕ್ಟರು. "ಹೋದದ್ದು ಬರೂದಿಲ್ಲ! ಇದ್ದದ್ದು ಉಳೀಬೇಕಂದ್ರ ಆ ಸೂಜಿ ಜನ್ಮದಾಗ ಮಾಡಿಸಬ್ಯಾಡ! ಆದ್ರ ಗುಳಿಗಿ ಬಿಡಬ್ಯಾಡ! ಗುಳಿಗಿಯಿಂದ ಕಿವಿಗೆ ಏನೂ ಆಗೂದಿಲ್ಲ! ಬಿಟ್ರ ಜೀವಾ ಹೋಗ್ತದ!"

ಅಮೃತವ್ವ ಕೈಯಲ್ಲಿದ್ದ ಮೆಣಸಿನಕಾಯಿಯ ತೊಟ್ಟು ಮುರಿದು ರಾಶಿಗೆ ಹಾಕಿದಳು. ಕಣ್ಣಲ್ಲಿ ನೀರಿತ್ತು. ಘಾಟಿಗೆ ಅಲ್ಲಿ ಎಲ್ಲರ ಕಣ್ಣಲ್ಲೂ ಇತ್ತು. "ಕೂಸಿಗೆ ಹತ್ತೈತೇನ್ರಿ ಇದು?" ಎಂದಳು. ನಾಳೆ ಕರೆತಾ, ನೋಡ್ತೀನಿ, ನೀನ ಕರೆತಾ ಎಂದು ಡಾಕ್ಟರು ಕೂಗಿದರು. ಗುಳಿಗಿ ನುಂಗಿದ ಮೇಲೆ ಮೈ ತುರಿಸಿದರೆ ಏನು ಮಾಡಲಿ ಎಂದಳು. ನಿಲ್ಲಿಸಿ ಅವತ್ತೇ ಬಂದು ನನಗ ಹೇಳು ಎಂದರು. ನೀವು ಬರಕೊಂತ ಇದ್ರ, ಎಂದಳು. ಪೆನ್ನು ಕಸಕೋ ಎಂದರು. ಬೇಲಿಯಾಚೆ ಯಾರೋ ನಕ್ಕರು. ಡಾಕ್ಟರ ಗಂಟಲು ಅಷ್ಟರಲ್ಲಿ ಒಡೆದಿತ್ತು.

ಅವಳು ಕೈ ಚಾಚಿದಳು. ಯಮನೂರಸಾಬ ಡಬ್ಬಿ ಬಿಚ್ಚಿ ಒಂದು ಗುಳಿಗೆಯನ್ನು ಅವಳ ಅಂಗೈಯಲ್ಲಿ ಇಟ್ಟ. ಈಶಪ್ಪ ಸುತ್ತಿಗೆ ಕೆಳಗಿಟ್ಟು ಹತ್ತಿರ ಬಂದ. ನಾಳೆ ವಕೀಲರ ಹತ್ತಿರ ಹೋಗಬೇಕಾಗಿತ್ತು, ಕೋರ್ಟಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕಾಗಿತ್ತು. ಅವನು ಡಾಕ್ಟರನ್ನು ನೋಡಿದ, ಅವ್ವನನ್ನು ನೋಡಿದ. ಇಬ್ಬರ ಮುಖದಲ್ಲೂ ಏನೂ ಸಿಗಲಿಲ್ಲ. ಕೊನೆಗೆ ಹೆಂಡತಿಯ ಕಡೆಗೆ ಬಗ್ಗಿ, ತನಗೆ ರೂಢಿಯೇ ಇಲ್ಲದ ಕೆಲಸ ಮಾಡುವವನ ಹಾಗೆ ತೊದಲಿ, ಆಮೇಲೆ ಜೋರಾಗಿ ಕೇಳಿದ.

"ಕೋರ್ಟಿಗೆ ಹೋಗೂದೋ, ಬ್ಯಾಡೋ? ನೀನ ಹೇಳು!"

ಅಮೃತವ್ವ ಗಂಡನ ಮುಖವನ್ನು ಒಂದು ಗಳಿಗೆ ನೋಡಿದಳು, ಸರಿಯಾಗಿ ಕೇಳಿಸಿತೋ ಇಲ್ಲವೋ ಎಂಬ ಅನುಮಾನದಲ್ಲಿ. ಕೇಳಿಸಿತ್ತು.

"ಗುಳಿಗಿ ನುಂಗಿ ಹೇಳ್ತೀನಿ," ಎಂದಳು. "ಅತ್ತೀ, ನೀರ ತರ್ರಿ."

ನೀಲಗಂಗವ್ವ ಒಳಗೆ ಹೋಗಿ ತಂಬಿಗೆ ತುಂಬಿ ತಂದು ಸೊಸೆಯ ಕೈಗೆ ಕೊಟ್ಟಳು. ಅಮೃತವ್ವ ಗುಳಿಗೆಯನ್ನು ನಾಲಗೆಯ ಮೇಲೆ ಇಟ್ಟುಕೊಂಡು, ತಲೆ ಹಿಂದಕ್ಕೆ ಚೆಲ್ಲಿ, ಅವಸರವಿಲ್ಲದೆ ಕುಡಿದಳು. ಗಂಡ, ಅತ್ತೆ, ಡಾಕ್ಟರು ಅವಳ ಬಾಯಿಯನ್ನೇ ನೋಡುತ್ತಾ ಬಿಸಿಲಲ್ಲಿ ನಿಂತಿದ್ದರು.